ನೀರಿಗೆ ಬಿದ್ದರೂ ದಾರಿ ತೋರಿಸಬೇಕು: ಕೈ ಜಿಪಿಎಸ್ ಕೊಳ್ಳುವ ಮುನ್ನ

ಈ ವಾರ ಗೊಬ್ಬರ, ಕೀಟ, ಮಾರುಕಟ್ಟೆ ದರ ಯಾವುದೂ ಇಲ್ಲ. ಒಂದು ಸಾಧನದ ಬಗ್ಗೆ ಮಾತಾಡೋಣ.

ಮಲೆನಾಡು, ಕರಾವಳಿ ಕಡೆ ಅಡಿಕೆ ತೋಟದ ಜೊತೆಗೆ ಹೋಮ್‌ಸ್ಟೇ ನಡೆಸುವ ಯುವಕರು ಈಗ ಬೇಕಾದಷ್ಟು ಜನ ಇದ್ದಾರೆ. ಬಂದ ಅತಿಥಿಗಳಿಗೆ ಊಟ, ರೂಮು ಕೊಟ್ಟರೆ ಸಾಲದು, ಏನಾದರೂ ಚಟುವಟಿಕೆ ಬೇಕು. ಹಿನ್ನೀರಿನ ದಡದವರು ಕಯಾಕ್ ಇಟ್ಟಿದ್ದಾರೆ. ಕೆಲವರು ತೋಟದೊಳಗೇ ಡಬ್ಬಿ ಅಡಗಿಸಿ, ಜಿಪಿಎಸ್ ಹಿಡಿದು ಹುಡುಕಿಸುವ ಜಿಯೋಕ್ಯಾಶಿಂಗ್ ಆಟ ಆಡಿಸುತ್ತಾರೆ. ಅಲ್ಲಿಗೆ ಬರುವ ಪ್ರಶ್ನೆ: ‘ಫೋನ್ ಸಾಕಾ, ಇಲ್ಲಾ ನೀರು ತಾಗದ ಕೈ ಜಿಪಿಎಸ್ ತಗೋಬೇಕಾ? ತಗೊಂಡರೆ ಯಾವುದು?’

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತೋಟದ ಕೆಲಸಕ್ಕೆ, ತೋಟದೊಳಗಿನ ಆಟಕ್ಕೆ ಫೋನ್ ಸಾಕು. ಆದರೆ ಬೇರೆಯವರ ಮಕ್ಕಳನ್ನು ನೀರಿಗೆ ಇಳಿಸುವವರು ಫೋನ್ ಒಂದನ್ನೇ ನಂಬಬಾರದು. ಯಾಕೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಇರುತ್ತದೆ

‘ನಮ್ಮಲ್ಲಿ ಟವರ್ ಸಿಗಲ್ಲ, ಅದಕ್ಕೇ ಬೇರೆ ಜಿಪಿಎಸ್ ಬೇಕು’ ಎನ್ನುವವರು ಬಹಳ. ಇದು ತಪ್ಪು ಲೆಕ್ಕ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಸಂಕೇತ ಕಳಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಾಧನ ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಅದು ಬರೀ ಕೇಳಿಸಿಕೊಳ್ಳುವ ಕೆಲಸ. ಸಿಮ್, ಡೇಟಾ ಯಾವುದೂ ಬೇಕಿಲ್ಲ. ನಿಮ್ಮ ಫೋನಿನ ಜಿಪಿಎಸ್ ಕೂಡ ಹೀಗೇ ಕೆಲಸ ಮಾಡುತ್ತದೆ.

ಡೇಟಾ ಬೇಕಾಗುವುದು ನಕ್ಷೆಗೆ. ಅದನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ನಕ್ಷೆ ಉಳಿಸುವ ಸೌಲಭ್ಯ ಇದೆ. ಆರ್ಗಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಆ್ಯಪ್‌ಗಳು ಇಡೀ ರಾಜ್ಯದ ನಕ್ಷೆಯನ್ನೇ ಫೋನಿಗೆ ಇಳಿಸುತ್ತವೆ. ಒಂದೇ ವ್ಯತ್ಯಾಸ ಏನೆಂದರೆ, ಡೇಟಾ ಇಲ್ಲದಾಗ ಫೋನಿಗೆ ಮೊದಲ ಸಲ ಜಾಗ ಸಿಗಲು ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಬಯಲಿನಲ್ಲಿ ನಿಂತು ಕಾಯಬೇಕು ಅಷ್ಟೇ.

ಈಗಿನ ಎಷ್ಟೋ ಫೋನ್‌ಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ, ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಬಳಸುತ್ತವೆ. ಕೆಲವು ಫೋನ್‌ಗಳು ಎಲ್1, ಎಲ್5 ಎಂಬ ಎರಡು ತರಂಗಾಂತರ ಹಿಡಿಯುತ್ತವೆ. ಇಂಥ ಫೋನ್ ಹಳೇ ಕೈ ಜಿಪಿಎಸ್‌ಗಿಂತ ನಿಖರವಾಗಿರುವುದೂ ಉಂಟು. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿ ನೋಡಿ, ನಿಮ್ಮ ಫೋನ್ ಯಾವ್ಯಾವ ಉಪಗ್ರಹ ಹಿಡಿಯುತ್ತದೆ ಅನ್ನೋದು ತಿಳಿಯುತ್ತದೆ. ಅಂದರೆ, ನಿಖರತೆ ಒಂದಕ್ಕಾಗಿ ಕೈ ಜಿಪಿಎಸ್ ಕೊಳ್ಳುವ ಕಾಲ ಮುಗಿಯಿತು.

ಜಿಯೋಕ್ಯಾಶಿಂಗ್ ಅಂದರೆ ಏನು?

2000ನೇ ಇಸವಿ ಮೇ ಆರಂಭದವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ಜಾಗ ಸುಮಾರು ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. ಅದನ್ನು ನಿಲ್ಲಿಸಿದ ಕೂಡಲೇ, ಮೇ 3ರಂದು, ಡೇವ್ ಅಲ್ಮರ್ ಎಂಬಾತ ಆರಿಗನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಅಡಗಿಸಿ ಅದರ ಅಕ್ಷಾಂಶ–ರೇಖಾಂಶವನ್ನು ಇಂಟರ್‌ನೆಟ್‌ನಲ್ಲಿ ಹಾಕಿದ. ಬೇರೆಯವರು ಹುಡುಕಿ ತೆಗೆದರು. ಆಟ ಶುರುವಾದದ್ದು ಹಾಗೆ.

ಡಬ್ಬಿಯಲ್ಲಿ ಒಂದು ಪುಟ್ಟ ಪುಸ್ತಕ, ಪೆನ್ಸಿಲ್, ಕೆಲವು ಆಟಿಕೆ ಇರುತ್ತವೆ. ಸಿಕ್ಕವರು ಹೆಸರು ಬರೆದು ಡಬ್ಬಿಯನ್ನು ಅಲ್ಲೇ ಇಟ್ಟು ಬರಬೇಕು. ಆಟಿಕೆ ತೆಗೆದುಕೊಂಡರೆ ಬದಲಿಗೆ ಇನ್ನೊಂದು ಇಡಬೇಕು. ಆಟ ಇಷ್ಟೇ. ಆದರೆ ಪೇಟೆಯ ಮಕ್ಕಳು ಕಾಳುಮೆಣಸಿನ ಬಳ್ಳಿ, ಏಲಕ್ಕಿ ಹಿಂಡು, ಕೊಕ್ಕೋ ಗಿಡ ಎಲ್ಲ ದಾಟಿ ಡಬ್ಬಿ ಹುಡುಕುತ್ತಾ ಹೋದರೆ ಇಡೀ ತೋಟ ನೋಡಿದ ಹಾಗೆಯೇ. ಹಾಗಾಗಿ ಇದು ನಮ್ಮಂಥವರಿಗೆ ಒಪ್ಪುವ ಆಟ.

ಫೋನ್ ಕೈಕೊಡುವುದು ಎಲ್ಲಿ?

ನೀರಿನಲ್ಲಿ. ಅದೂ ನಾಲ್ಕು ರೀತಿಯಲ್ಲಿ.

ಒಂದು, ಪರದೆ. ನೀರಿನ ಹನಿ ಬಿದ್ದ ಟಚ್‌ಸ್ಕ್ರೀನ್‌ಗೆ ಬೆರಳು ಯಾವುದು, ಹನಿ ಯಾವುದು ಗೊತ್ತಾಗುವುದಿಲ್ಲ. ಮುಟ್ಟಿದ್ದು ಒಂದು, ತೆರೆಯುವುದು ಇನ್ನೊಂದು. ಎರಡು, ಬಿಸಿಲು. ನೀರಿನ ಮೇಲೆ ಬೆಳಕು ಎರಡು ಕಡೆಯಿಂದ ಬರುತ್ತದೆ. ಪರದೆಯ ಬೆಳಕು ಪೂರ್ತಿ ಏರಿಸಿದರೂ ಕಾಣುವುದು ಕಷ್ಟ, ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಕಾಯುತ್ತದೆ. ಮೂರು, ಫೋನ್ ತೇಲುವುದಿಲ್ಲ. ನಾಲ್ಕು, ಅದು ಹೋದರೆ ಕರೆ ಮಾಡುವ ಸಾಧನವೂ ಹೋದ ಹಾಗೆ. ಈ ನಾಲ್ಕನೆಯದೇ ಮುಖ್ಯ. ದಾರಿ ನೋಡುವುದಕ್ಕೂ, ಸಹಾಯ ಕರೆಯುವುದಕ್ಕೂ ಒಂದೇ ಸಾಧನ ಇಟ್ಟುಕೊಂಡವರು ಎರಡನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ.

‘ನನ್ನ ಫೋನ್ ಐಪಿ68, ನೀರಿಗೆ ಏನೂ ಆಗಲ್ಲ’ ಎನ್ನಬಹುದು. ಆ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ನಿಂತ ಸಿಹಿನೀರಿನಲ್ಲಿ. ಎರಡು ವರ್ಷ ಬಳಸಿ, ನಾಲ್ಕು ಸಲ ಕೆಳಗೆ ಬಿದ್ದ ಫೋನಿನ ಅಂಟು ಹಾಗೇ ಇರುತ್ತದೆ ಅನ್ನುವ ಭರವಸೆ ಇಲ್ಲ. ವಾರಂಟಿ ಕಾಗದ ಓದಿ ನೋಡಿ, ನೀರಿನಿಂದಾದ ಹಾನಿಯನ್ನು ಬಹಳ ಕಂಪನಿಗಳು ಸೇರಿಸುವುದೇ ಇಲ್ಲ.

ಐಪಿಎಕ್ಸ್7 ಅಂದರೆ ಏನು, ಏನಲ್ಲ?

ಕೈ ಜಿಪಿಎಸ್ ಡಬ್ಬದ ಮೇಲೆ ಸಾಮಾನ್ಯವಾಗಿ ಐಪಿಎಕ್ಸ್7 ಎಂದು ಬರೆದಿರುತ್ತಾರೆ. ಇದನ್ನು ಓದಲು ಕಲಿತರೆ ಅರ್ಧ ಕೆಲಸ ಆದಂತೆ.

- ಮೊದಲ ಅಂಕಿ ಧೂಳಿನದು. ಅಲ್ಲಿ ಎಕ್ಸ್ ಇದ್ದರೆ ಧೂಳಿನ ಪರೀಕ್ಷೆಯ ಫಲಿತಾಂಶ ಹೇಳಿಲ್ಲ ಎಂದರ್ಥ. 6 ಇದ್ದರೆ ಧೂಳು ಒಳಗೆ ಹೋಗುವುದಿಲ್ಲ.
- ಎರಡನೇ ಅಂಕಿ ನೀರಿನದು. 4 ಇದ್ದರೆ ಎರಚಿದ ನೀರು ತಡೆಯುತ್ತದೆ ಅಷ್ಟೇ. ಕಯಾಕ್‌ಗೆ ಇದು ಸಾಲದು.
- 7 ಇದ್ದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾಳಾಗದು.
- 8 ಇದ್ದರೆ ಅದಕ್ಕಿಂತ ಹೆಚ್ಚು. ಎಷ್ಟು ಆಳ, ಎಷ್ಟು ಹೊತ್ತು ಅನ್ನೋದನ್ನು ಕಂಪನಿಯೇ ಹೇಳಬೇಕು.

ಒಂದು ಸೂಕ್ಷ್ಮ ಇದೆ. 7 ಬಂದ ಮಾತ್ರಕ್ಕೆ 5, 6ನೆಯ ಪರೀಕ್ಷೆ ಪಾಸಾಗಿದೆ ಎಂದಲ್ಲ. ಅವು ಒತ್ತಡದಿಂದ ಚಿಮ್ಮುವ ನೀರಿನ ಪರೀಕ್ಷೆಗಳು, ಬೇರೆಯವು. ಹಾಗಾಗಿ ಕೆಸರಾದ ಜಿಪಿಎಸ್ಸನ್ನು ಔಷಧಿ ಹೊಡೆಯುವ ಪಂಪಿನ ಗನ್ ಹಿಡಿದು ತೊಳೆಯಬೇಡಿ. ಬಕೆಟ್ ನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊನ್ನಾವರದ ಶರಾವತಿ ಅಳಿವೆ, ಕಾರವಾರದ ಕಾಳಿ ಅಳಿವೆ ಕಡೆ ಉಪ್ಪುನೀರಿಗೆ ಇಳಿಸಿದ್ದರೆ ಅದೇ ದಿನ ಸಿಹಿನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಲೋಹದ ತುದಿಗಳು ತುಕ್ಕು ಹಿಡಿಯುತ್ತವೆ.

ಇನ್ನೊಂದು ವಿಷಯ, ನೀರು ತಡೆಯುವುದು ಮುಚ್ಚಳದ ಸುತ್ತ ಇರುವ ರಬ್ಬರ್. ಅದರ ಮೇಲೆ ಒಂದು ಮರಳು ಕಣವೋ ಕೂದಲೋ ಕೂತರೆ ಸಾಕು, ನೀರು ಒಳಗೆ. ಸೆಲ್ ಬದಲಿಸುವಾಗಲೆಲ್ಲ ರಬ್ಬರ್ ಒರೆಸಿ ಮುಚ್ಚಿ.

ಮುಳುಗಿದರೂ ಹಾಳಾಗದು ಸರಿ, ತೇಲುತ್ತದಾ?

ಕೊಳ್ಳುವವರು ಕೇಳಲು ಮರೆಯುವ ಪ್ರಶ್ನೆ ಇದು. ನೀರು ತಡೆಯುವುದು ಬೇರೆ, ತೇಲುವುದು ಬೇರೆ. ಐಪಿಎಕ್ಸ್7 ಇರುವ ಎಷ್ಟೋ ಜಿಪಿಎಸ್‌ಗಳು ನೀರಿಗೆ ಬಿದ್ದರೆ ಕಲ್ಲಿನ ಹಾಗೆ ಮುಳುಗುತ್ತವೆ. ಹತ್ತು ಮೀಟರ್ ಆಳದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ನಿಮಗೇನು ಪ್ರಯೋಜನ?

ತೇಲುವಂತೆಯೇ ಮಾಡಿದ ಮಾದರಿಗಳು ದೋಣಿಯವರಿಗಾಗಿ ಬರುತ್ತವೆ. ತೇಲದ ಮಾದರಿ ತಗೊಂಡರೆ ದಾರಕ್ಕೆ ಫೋಮಿನ ತುಂಡು ಕಟ್ಟಬಹುದು. ಎಷ್ಟು ದೊಡ್ಡ ತುಂಡು ಬೇಕು ಅನ್ನೋದನ್ನು ಮನೆಯ ಬಕೆಟ್‌ನಲ್ಲಿ, ಸೆಲ್ ಹಾಕಿದ ಸಾಧನವನ್ನೇ ಇಟ್ಟು ಪರೀಕ್ಷಿಸಿ. ಉಪ್ಪುನೀರಿನಲ್ಲಿ ತೇಲಿದ್ದು ಸಿಹಿನೀರಿನಲ್ಲಿ ಮುಳುಗಬಹುದು, ಯಾಕೆಂದರೆ ಸಿಹಿನೀರಿನ ಸಾಂದ್ರತೆ ಕಡಿಮೆ. ಹಾಗಾಗಿ ಬಕೆಟ್‌ನಲ್ಲಿ ತೇಲಿದರೆ ಸಮುದ್ರದಲ್ಲೂ ತೇಲುತ್ತದೆ.

ದಾರವನ್ನು ಕುತ್ತಿಗೆಗೆ ಹಾಕಿಕೊಳ್ಳಬೇಡಿ. ಕಯಾಕ್ ಮಗುಚಿದಾಗ ಅದು ಎಲ್ಲಿಗಾದರೂ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಲೈಫ್ ಜಾಕೆಟ್‌ನ ಕೊಂಡಿಗೆ ಗೇಣುದ್ದದ ದಾರದಲ್ಲಿ ಕಟ್ಟಿ.

ಬ್ಯಾಟರಿ: ಎಎ ಸೆಲ್ಲೋ, ಒಳಗೇ ಕೂತದ್ದೋ?

ಕೈ ಜಿಪಿಎಸ್‌ಗಳಲ್ಲಿ ಎರಡು ಜಾತಿ. ಒಂದಕ್ಕೆ ಗೋಡೆ ಗಡಿಯಾರಕ್ಕೆ ಹಾಕುವಂಥ ಎಎ ಸೆಲ್ ಎರಡು ಬೇಕು. ಇನ್ನೊಂದರಲ್ಲಿ ಫೋನಿನ ಹಾಗೆ ಒಳಗೇ ಬ್ಯಾಟರಿ ಇದ್ದು ಚಾರ್ಜ್ ಮಾಡಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಅಂಥ ಊರಿನವರಿಗೆ ಎಎ ಸೆಲ್ಲಿನದೇ ಅನುಕೂಲ. ಯಾವ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ನೀರಿನ ನಡುವೆ ಪವರ್ ಬ್ಯಾಂಕ್ ತೆಗೆದು ಒದ್ದೆ ಪಿನ್ನಿಗೆ ಚುಚ್ಚುವ ರಗಳೆ ಇಲ್ಲ. ಚಾರ್ಜ್ ಮಾಡುವ ಎಎ ಸೆಲ್ ಎರಡು ಜೊತೆ ಇಟ್ಟುಕೊಂಡರೆ ಖರ್ಚೂ ಕಡಿಮೆ. ಅವುಗಳನ್ನು ಹಾಕಿದಾಗ ಮೆನುವಿನಲ್ಲಿ ಸೆಲ್ಲಿನ ಬಗೆಯನ್ನು ಬದಲಿಸಿ, ಇಲ್ಲದಿದ್ದರೆ ಬ್ಯಾಟರಿ ಗುರುತು ತಪ್ಪು ತೋರಿಸುತ್ತದೆ. ಸೀಸನ್ ಮುಗಿದ ಮೇಲೆ ಸೆಲ್ ಹೊರಗೆ ತೆಗೆದಿಡಿ. ಒಳಗೇ ಬಿಟ್ಟ ಸಾದಾ ಸೆಲ್ ಸೋರಿ ಸಾಧನವನ್ನೇ ತಿನ್ನುತ್ತದೆ.

ಬಟನ್ ಮತ್ತು ದಿಕ್ಸೂಚಿ

ಒದ್ದೆ ಕೈಗೆ, ಕೈಗವಸಿಗೆ ಬಟನ್ನೇ ಸರಿ. ಟಚ್ ಇರುವ ಕೈ ಜಿಪಿಎಸ್ ಚೆನ್ನಾಗಿ ಕಾಣುತ್ತದೆ, ಆದರೆ ಫೋನಿನ ತೊಂದರೆ ಅದಕ್ಕೂ ಇದೆ.

ಇನ್ನೊಂದು, ಎಲೆಕ್ಟ್ರಾನಿಕ್ ದಿಕ್ಸೂಚಿ. ಇದಿಲ್ಲದ ಸಾಧನಕ್ಕೆ ನೀವು ಚಲಿಸುತ್ತಿದ್ದರೆ ಮಾತ್ರ ದಿಕ್ಕು ತಿಳಿಯುತ್ತದೆ, ನಿಂತರೆ ಬಾಣ ಎಲ್ಲೆಲ್ಲೋ ತಿರುಗುತ್ತದೆ. ಡಬ್ಬಿಯ ಹತ್ತಿರ ನಿಂತು ‘ಎಡಕ್ಕೋ ಬಲಕ್ಕೋ’ ನೋಡುವಾಗ, ಮಂಜಿನಲ್ಲಿ ಹುಟ್ಟು ಹಾಕದೆ ನಿಂತಾಗ, ದಿಕ್ಸೂಚಿ ಬೇಕೇ ಬೇಕು. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್ ಮತ್ತು 32ಎಕ್ಸ್ ನೋಡಲು ಒಂದೇ ಥರ. 32ಎಕ್ಸ್‌ನಲ್ಲಿ ದಿಕ್ಸೂಚಿ ಇದೆ, 22ಎಕ್ಸ್‌ನಲ್ಲಿ ಇಲ್ಲ. ಬೆಲೆ ನೋಡಿ ಮಾತ್ರ ಆರಿಸಿದರೆ ಇಂಥದ್ದು ತಪ್ಪಿಹೋಗುತ್ತದೆ.

ಕೆಲವು ಮಾದರಿಗಳು, ಯಾವುದು ಯಾರಿಗೆ?

ಇವು ಜಾಹೀರಾತಲ್ಲ. ಹೋಲಿಸಿ ನೋಡಲು ಉದಾಹರಣೆ ಅಷ್ಟೇ. ಕೊಳ್ಳುವ ದಿನ ಬೆಲೆ, ಭಾರತದಲ್ಲಿ ವಾರಂಟಿ ಎರಡನ್ನೂ ಕೇಳಿ.

*ಇಟ್ರೆಕ್ಸ್ ಎಸ್‌ಇ.* 2023ರಲ್ಲಿ ಬಂದದ್ದು. ಬಿಡುಗಡೆಯಾದಾಗ ಅಮೆರಿಕದಲ್ಲಿ ಬೆಲೆ ಸುಮಾರು 150 ಡಾಲರ್. ಐಪಿಎಕ್ಸ್7, ಬಟನ್, ದಿಕ್ಸೂಚಿ ಇದೆ. ಎರಡು ಎಎ ಸೆಲ್ಲಿಗೆ 168 ಗಂಟೆ ನಡೆಯುತ್ತದೆ ಎನ್ನುತ್ತದೆ ಕಂಪನಿ. ಕಪ್ಪು–ಬಿಳುಪು ಪರದೆ, ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೊರತೆ: ಒಳಗೆ ವಿವರವಾದ ನಕ್ಷೆ ಇಲ್ಲ. ಬಾಣ, ದೂರ, ನೀವು ನಡೆದ ಗೆರೆ ಇಷ್ಟೇ. ಡಬ್ಬಿ ಹುಡುಕಲು, ಹೊರಟ ಜಾಗಕ್ಕೆ ವಾಪಸ್ ಬರಲು ಇದು ಸಾಕು. ತೇಲುವುದಿಲ್ಲ, ಫೋಮ್ ಕಟ್ಟಬೇಕು.

*ಜಿಪಿಎಸ್‌ಮ್ಯಾಪ್ 79ಎಸ್.* ದೋಣಿಯವರಿಗಾಗಿ ಮಾಡಿದ್ದು. ತೇಲುತ್ತದೆ, ಐಪಿಎಕ್ಸ್7, ಎಎ ಸೆಲ್, ದಿಕ್ಸೂಚಿ ಎಲ್ಲ ಇದೆ. ಬರೀ ನೀರಿನ ಚಟುವಟಿಕೆ ನಡೆಸುವವರಿಗೆ ಹೇಳಿ ಮಾಡಿಸಿದ ಹಾಗಿದೆ.

*ಜಿಪಿಎಸ್‌ಮ್ಯಾಪ್ 67.* ಬಣ್ಣದ 3 ಇಂಚು ಪರದೆ, ಎರಡು ತರಂಗಾಂತರ, ಒಳಗೇ ನಕ್ಷೆ. ಬ್ಯಾಟರಿ ಒಳಗೇ ಇದ್ದು 180 ಗಂಟೆವರೆಗೆ ನಡೆಯುತ್ತದೆ ಎನ್ನುತ್ತಾರೆ. ಬಿಡುಗಡೆಯ ಬೆಲೆ ಸುಮಾರು 500 ಡಾಲರ್. ಇದೂ ತೇಲುವುದಿಲ್ಲ. ದಟ್ಟ ಕಾಡಿನಲ್ಲಿ ದಿನಗಟ್ಟಲೆ ಚಾರಣ ಮಾಡಿಸುವವರಿಗೆ ಸರಿ, ನಮ್ಮ ಬಹುಪಾಲು ಜನರಿಗೆ ಇಷ್ಟು ಬೇಕಿಲ್ಲ. ಆ ಹಣದಲ್ಲಿ ಒಳ್ಳೆಯ ಲೈಫ್ ಜಾಕೆಟ್‌ಗಳು ಬರುತ್ತವೆ. ಜಾಕೆಟ್ ಮೊದಲು, ಜಿಪಿಎಸ್ ಆಮೇಲೆ.

ಎಚ್ಚರ: ಕೊನೆಗೆ ‘ಐ’ ಅಕ್ಷರ ಇದ್ದರೆ ತರಿಸಬೇಡಿ

ಇದನ್ನು ಎರಡು ಸಲ ಓದಿ. ಜಿಪಿಎಸ್‌ಮ್ಯಾಪ್ 66ಐ, 67ಐ, 86ಐ, ಮೊಂಟಾನಾ 700ಐ – ಇವುಗಳಲ್ಲಿ ಇನ್‌ರೀಚ್ ಎಂಬ ಸೌಲಭ್ಯ ಇದೆ. ಇದು ಇರಿಡಿಯಂ ಉಪಗ್ರಹದ ಮೂಲಕ ಸಂದೇಶ ಕಳಿಸುತ್ತದೆ. ಟವರ್ ಇಲ್ಲದ ಕಡೆ ಜೀವ ಉಳಿಸುವ ಸಾಧನ ನಿಜ. ಆದರೆ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಂಥದ್ದನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಸ್ಯಾಟಲೈಟ್ ಫೋನಿಗೆ ಇರುವ ನಿಯಮವೇ ಇದಕ್ಕೂ. ವಿಮಾನ ನಿಲ್ದಾಣಗಳಲ್ಲಿ ಇದನ್ನು ತಂದ ವಿದೇಶಿಯರನ್ನು ತಡೆದು ಕೇಸು ಹಾಕಿದ್ದುಂಟು.

ಅಮೆರಿಕದಲ್ಲೋ ದುಬೈನಲ್ಲೋ ಇರುವ ಅಣ್ಣ, ಭಾವ ಬರುವಾಗ ‘ಒಳ್ಳೇದೇ ತಂದುಬಿಡು’ ಎಂದು ಹೇಳುವವರು ನಾವು. ಅವರು ಪ್ರೀತಿಯಿಂದ ‘ಐ’ ಇರುವ ದುಬಾರಿ ಮಾದರಿ ತಂದರೆ ಸಿಕ್ಕಿಬೀಳುವವರು ಅವರೇ. ಮಾದರಿಯ ಪೂರ್ತಿ ಹೆಸರು ಬರೆದು ಕಳಿಸಿ. ಬರೀ ಸಂಕೇತ ಕೇಳುವ ಜಿಪಿಎಸ್ ಬೇರೆ, ಸಂಕೇತ ಕಳಿಸುವ ಸಾಧನ ಬೇರೆ. ಈ ಗೆರೆ ನೆನಪಿರಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ

ಬಟನ್ನಿನ ರಬ್ಬರ್ ಒತ್ತಿ ನೋಡಿ, ಬಿರುಕು ಇರಬಾರದು. ಪರದೆಯ ಒಳಗೆ ಮಂಜು ಕಟ್ಟಿದ್ದರೆ ಬೇಡವೇ ಬೇಡ. ಸೆಲ್ ಕೂರುವ ಜಾಗದಲ್ಲಿ ಹಸಿರು, ಬಿಳಿ ಪುಡಿ ಇದೆಯಾ ನೋಡಿ. ಕೊನೆಗೆ ಬಯಲಿಗೆ ತಂದು ಆನ್ ಮಾಡಿ, ಉಪಗ್ರಹ ಸಿಕ್ಕ ಮೇಲೆ ತಾರೀಖು ಓದಿ. ಜಿಪಿಎಸ್‌ನ ವಾರದ ಎಣಿಕೆ 2019ರ ಏಪ್ರಿಲ್ 6ರಂದು ಮತ್ತೆ ಸೊನ್ನೆಯಿಂದ ಶುರುವಾಯಿತು. ಸಾಫ್ಟ್‌ವೇರ್ ನವೀಕರಿಸದ ಕೆಲವು ಹಳೇ ಸಾಧನಗಳು ಈಗಲೂ ಸುಮಾರು 20 ವರ್ಷ ಹಿಂದಿನ ತಾರೀಖು ತೋರಿಸುತ್ತವೆ.

ಹಿನ್ನೀರಿಗೆ ಇಳಿಯುವ ಮುನ್ನ

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರನ್ನೇ ತೆಗೆದುಕೊಳ್ಳಿ. 1964ರಲ್ಲಿ ಅಣೆಕಟ್ಟೆ ಮುಗಿದ ಮೇಲೆ ಕಣಿವೆ ಮುಳುಗಿ ಗುಡ್ಡದ ತಲೆಗಳು ನಡುಗಡ್ಡೆಗಳಾದವು. ನೀರಿನ ಮಟ್ಟದಲ್ಲಿ ಕೂತು ನೋಡಿದರೆ ಎಲ್ಲ ನಡುಗಡ್ಡೆಯೂ ಒಂದೇ ಥರ, ಎಲ್ಲ ಕೊಲ್ಲಿಯೂ ಒಂದೇ ಥರ. ಮೋಡ ಕವಿದರೆ ಸೂರ್ಯನ ಗುರುತೂ ಇಲ್ಲ. ಪರಿಚಯದವರಿಗೂ ದಿಕ್ಕು ತಪ್ಪುವುದು ಇಂಥಲ್ಲೇ.

ಇಲ್ಲಿ ನಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಬೇಸಿಗೆಯಲ್ಲಿ ನೀರು ಬಹಳ ಕೆಳಗೆ ಇಳಿಯುತ್ತದೆ. ನಕ್ಷೆಯಲ್ಲಿ ನೀಲಿ ಇರುವ ಕಡೆ ಏಪ್ರಿಲ್‌ನಲ್ಲಿ ಕೆಸರು, ಹಳೇ ಮರದ ಬೊಡ್ಡೆ ಇರಬಹುದು. ಹಾಗಾಗಿ ಹೋಗುವಾಗ ಬಂದ ದಾರಿಯನ್ನೇ ಸಾಧನದಲ್ಲಿ ದಾಖಲಿಸಿ, ಅದೇ ಗೆರೆ ಹಿಡಿದು ವಾಪಸ್ ಬನ್ನಿ. ಕ್ರಮ ಹೀಗಿರಲಿ:

1. ದಡದಲ್ಲೇ ಸಾಧನ ಆನ್ ಮಾಡಿ, ಐದು ನಿಮಿಷ ಬಿಡಿ. ಹೊರಡುವ ಜಾಗವನ್ನು ‘ದಡ’ ಎಂದು ಗುರುತು ಹಾಕಿ.
2. ಟ್ರ್ಯಾಕ್ ದಾಖಲೆ ಶುರುವಾಗಿದೆಯಾ ನೋಡಿ.
3. ದಾರಿಯಲ್ಲಿ ತಿರುವು ಬಂದಲ್ಲೆಲ್ಲ, ಬೊಡ್ಡೆ ಕಂಡಲ್ಲೆಲ್ಲ ಗುರುತು ಹಾಕಿ.
4. ಹೊರಡುವ ಮುನ್ನವೇ ವಾಪಸ್ ತಿರುಗುವ ಗಂಟೆ ನಿಗದಿ ಮಾಡಿ. ಹೊಸಬರು ಗಂಟೆಗೆ 3–4 ಕಿ.ಮೀ. ಹೋದರೆ ಹೆಚ್ಚು. ಎದುರು ಗಾಳಿ ಬಂದರೆ ಅದೂ ಇಲ್ಲ. ಹೋಗಲು ಹಿಡಿದ ಹೊತ್ತಿನ ಎರಡರಷ್ಟು ವಾಪಸಿಗೆ ಇಟ್ಟುಕೊಳ್ಳಿ.
5. ಫೋನನ್ನು ಆಫ್ ಮಾಡಿ, ನೀರು ಹೋಗದ ಚೀಲದಲ್ಲಿ ಹಾಕಿ, ಜೊತೆಗೆ ಕಟ್ಟಿಕೊಳ್ಳಿ. ಅದು ಕರೆಗೆ ಮಾತ್ರ.
6. ಎಲ್ಲಿಗೆ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಅನ್ನೋದನ್ನು ದಡದಲ್ಲಿ ಇರುವ ಒಬ್ಬರಿಗೆ ಬರೆದು ಕೊಡಿ.

ಆರನೆಯದನ್ನು ಬಿಡಬೇಡಿ. ಜಿಪಿಎಸ್ ನೀವೆಲ್ಲಿದ್ದೀರಿ ಅನ್ನೋದನ್ನು ನಿಮಗೆ ಹೇಳುತ್ತದೆ, ಇನ್ನೊಬ್ಬರಿಗೆ ಹೇಳುವುದಿಲ್ಲ. ಆ ಕೆಲಸ ಮನುಷ್ಯರೇ ಮಾಡಬೇಕು. ಟವರ್ ಸಿಕ್ಕಾಗ 112ಕ್ಕೆ ಕರೆ ಮಾಡಿ ಅಕ್ಷಾಂಶ, ರೇಖಾಂಶ ಓದಿ ಹೇಳಬಹುದು.

ಓದುವಾಗ ಒಂದು ಗೊಂದಲ ತಪ್ಪಿಸಿ. ಫೋನ್ ನಕ್ಷೆಗಳು ಸಾಮಾನ್ಯವಾಗಿ 14.5 ಡಿಗ್ರಿ ಎಂದು ದಶಮಾಂಶದಲ್ಲಿ ತೋರಿಸುತ್ತವೆ. ಜಿಯೋಕ್ಯಾಶಿಂಗ್‌ನವರು, ಎಷ್ಟೋ ಕೈ ಜಿಪಿಎಸ್‌ಗಳು ಡಿಗ್ರಿ–ಮಿನಿಟ್ ಬಳಸುತ್ತವೆ. 14 ಡಿಗ್ರಿ 30 ಮಿನಿಟ್ ಅಂದರೆ 14.5 ಡಿಗ್ರಿ. ಅದನ್ನು 14.30 ಎಂದು ಓದಿದರೆ ಸುಮಾರು 22 ಕಿ.ಮೀ. ತಪ್ಪು. ಹುಡುಕುವವರು ಬೇರೆ ಊರಿಗೇ ಹೋಗುತ್ತಾರೆ. ಫೋನ್, ಜಿಪಿಎಸ್ ಎರಡನ್ನೂ ಮನೆಯಲ್ಲೇ ಒಂದೇ ರೀತಿಗೆ ಹೊಂದಿಸಿ, ಡೇಟಮ್ ಡಬ್ಲ್ಯುಜಿಎಸ್84 ಇರಲಿ.

ಹಣ ಪಡೆದು ಅತಿಥಿಗಳನ್ನು ನೀರಿಗೆ ಇಳಿಸುವವರು ಸ್ಥಳೀಯ ಆಡಳಿತದ ಅನುಮತಿ ಬಗ್ಗೆಯೂ ವಿಚಾರಿಸಿ. ಅಣೆಕಟ್ಟೆ, ವಿದ್ಯುದಾಗಾರದ ಸುತ್ತ ಹೋಗಲೇಬೇಡಿ.

ತೋಟದಲ್ಲಿ ಡಬ್ಬಿ ಇಡುವಾಗ

ಮರದಡಿ ಜಿಪಿಎಸ್ ನಿಖರತೆ ಇಳಿಯುತ್ತದೆ. ಬಯಲಿನಲ್ಲಿ 3ರಿಂದ 5 ಮೀಟರ್ ವ್ಯತ್ಯಾಸ ಇದ್ದದ್ದು ಒದ್ದೆ ಎಲೆಗಳ ಕೆಳಗೆ 10 ಮೀಟರ್ ದಾಟಬಹುದು. ಎಲೆಯ ನೀರು ಸಂಕೇತವನ್ನು ಹೀರುತ್ತದೆ, ಕಾಂಡ, ಬಂಡೆಗಳಿಗೆ ತಾಗಿ ಬಂದ ಸಂಕೇತ ಲೆಕ್ಕ ತಪ್ಪಿಸುತ್ತದೆ. ಅದಕ್ಕೇ ಡಬ್ಬಿಯ ಜಾಗವನ್ನು ಒಂದೇ ಸಲ ಅಳೆದು ಮುಗಿಸಬೇಡಿ. ಒಂದೂವರೆ ಗಂಟೆ ಬಿಟ್ಟು ಬಿಟ್ಟು ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ. ಅಷ್ಟರಲ್ಲಿ ಉಪಗ್ರಹಗಳ ಜಾಗ ಬದಲಾಗಿ ತಪ್ಪುಗಳು ಒಂದಕ್ಕೊಂದು ಸರಿಹೋಗುತ್ತವೆ. ಗಾರ್ಮಿನ್‌ನ ಎಷ್ಟೋ ಮಾದರಿಗಳಲ್ಲಿ ಇದಕ್ಕೆ ಮೆನುವೇ ಇದೆ.

- ಎರಡು ಡಬ್ಬಿಗಳ ನಡುವೆ 30 ಮೀಟರ್ ಆದರೂ ಇರಲಿ, ಇಲ್ಲದಿದ್ದರೆ ಗೊಂದಲ.
- ಬಿಲ, ಪೊಟರೆ, ಕಲ್ಲುಸಂದಿಯಲ್ಲಿ ಇಡಬೇಡಿ. ಮಕ್ಕಳು ಕೈ ಹಾಕುತ್ತಾರೆ, ಹಾವು ಇರುವ ಜಾಗ.
- ತಿನ್ನುವ ವಸ್ತು ಬೇಡ. ಮಂಗ, ಇರುವೆ ಮೊದಲು ಬರುತ್ತವೆ.
- ಡಬ್ಬಿ ಪಾರದರ್ಶಕ ಇರಲಿ. ಮೇಲೆ ‘ಇದು ಆಟದ ಡಬ್ಬಿ’ ಎಂದು ಬರೆದು ತೋಟದ ಹೆಸರು ಹಾಕಿ. ಗುರುತಿಲ್ಲದ ಡಬ್ಬಿ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ.
- ಸ್ವಂತ ಜಮೀನು ಬಿಟ್ಟು ಹೊರಗೆ ಬೇಡ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಕಾಲಿಡುವುದೇ ತಪ್ಪು, ಡಬ್ಬಿ ಇಡುವುದು ದೂರದ ಮಾತು.

ಹಾಗಾದರೆ ತೋಟಕ್ಕೆ ಏನು ಉಪಯೋಗ?

ಆಟ ಬಿಟ್ಟು ನಮ್ಮ ಕೆಲಸಕ್ಕೆ ಬರೋಣ. ನೆಲದಡಿಯ ಪೈಪಿನ ಜಾಯಿಂಟ್, ಗೇಟ್ ವಾಲ್ವ್, ಬೋರ್‌ವೆಲ್ ಪಾಯಿಂಟ್ – ಇವನ್ನೆಲ್ಲ ಗುರುತು ಹಾಕಿ ಜಿಪಿಎಕ್ಸ್ ಫೈಲ್ ಮಾಡಿ ಮನೆಯವರ ಫೋನಿಗೂ ಕಳಿಸಿ. ಹತ್ತು ವರ್ಷದ ಮೇಲೆ ಅಪ್ಪನ ನೆನಪನ್ನು ನಂಬಿ ಅಗೆಯುವುದು ತಪ್ಪುತ್ತದೆ. ಐದು ಮೀಟರ್ ಹೆಚ್ಚುಕಮ್ಮಿ ಆದರೂ ಹುಡುಕುವ ಜಾಗ ಸಣ್ಣದಾಗುತ್ತದೆ.

ನನಗೆ ಹೆಚ್ಚು ಉಪಯೋಗ ಆಗಿರುವುದು ತಾಯಿಮರಗಳಿಗೆ. ಹೊಳೆದಂಡೆಯ ಅಪ್ಪೆಮಿಡಿ ಮರದಲ್ಲಿ ಮಿಡಿ ಬಿಟ್ಟಾಗ ಪರಿಮಳ, ಸೊನೆ ನೋಡಿ ಆರಿಸುತ್ತೇವೆ. ಕಸಿ ಕಡ್ಡಿಗೆ ಹೋಗುವುದು ಬೇರೆ ತಿಂಗಳು. ಆಗ ಮಿಡಿ ಇರುವುದಿಲ್ಲ, ಎಲ್ಲ ಮಾವೂ ಒಂದೇ ಥರ ಕಾಣುತ್ತದೆ. ಮರಕ್ಕೊಂದು ಸಂಖ್ಯೆ, ಜಾಗ, ಫೋಟೋ ಇಟ್ಟುಕೊಂಡರೆ ಆ ಮರವೇ ಸಿಗುತ್ತದೆ.

ಆದರೆ ಗಡಿ ಜಗಳಕ್ಕೆ ಇದನ್ನು ತರಬೇಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಬದಿ ಸುಮಾರು 10 ಮೀಟರ್. ಐದು ಮೀಟರ್ ಆಚೀಚೆ ತೋರಿಸುವ ಸಾಧನದಲ್ಲಿ ಬೇಲಿಯ ಜಾಗ ನಿರ್ಧರಿಸಲು ಆಗುತ್ತದಾ? ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆ್ಯಪ್ ಇದೆ. ಗಡಿ ನಿಗದಿಗೆ ಹದ್ದುಬಸ್ತು ಅರ್ಜಿ ಹಾಕಿ ಸರ್ವೆಯವರನ್ನೇ ಕರೆಸಿ. ಪಕ್ಕದ ಮನೆಯವರ ಜೊತೆ ಮಾತು ಬಿಡುವುದಕ್ಕಿಂತ ಅದು ಅಗ್ಗ.

ಈ ವಾರದ ಕೆಲಸ

ಏನನ್ನೂ ಕೊಳ್ಳುವ ಮುನ್ನ ಇಷ್ಟು ಮಾಡಿ ನೋಡಿ. ಫೋನಿನಲ್ಲಿ ಆಫ್‌ಲೈನ್ ನಕ್ಷೆ ಇಳಿಸಿ. ಏರೋಪ್ಲೇನ್ ಮೋಡ್ ಹಾಕಿ, ಲೊಕೇಶನ್ ಮಾತ್ರ ಆನ್ ಇಡಿ. ತೋಟದ ನಡುವಿನ ಒಂದು ಮರದ ಬುಡದಲ್ಲಿ ನಿಂತು ಗುರುತು ಹಾಕಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದೇ ಮರದ ಹತ್ತಿರ ಮತ್ತೆ ಗುರುತು ಹಾಕಿ. ಮೂರೂ ಗುರುತುಗಳು ಎಷ್ಟು ಮೀಟರ್ ದೂರ ದೂರ ಬಿದ್ದಿವೆ, ಬ್ಯಾಟರಿ ಎಷ್ಟು ಇಳಿದಿದೆ ಬರೆದಿಡಿ. ಕೊನೆಗೆ ಕೈ ಒದ್ದೆ ಮಾಡಿಕೊಂಡು, ಪರದೆ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಅದೇ ಕೆಲಸ ಮಾಡಲು ಪ್ರಯತ್ನಿಸಿ.

ಆಮೇಲೆ ಈ ಆರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಕೆಲಸ ನೀರಿನ ಮೇಲಾ, ನೆಲದ ಮೇಲಾ? ಐಪಿಎಕ್ಸ್7 ಇದೆಯಾ? ತೇಲುತ್ತದಾ? ಸೆಲ್ ನಮ್ಮೂರ ಅಂಗಡಿಯಲ್ಲಿ ಸಿಗುತ್ತದಾ? ಬಟನ್, ದಿಕ್ಸೂಚಿ ಇದೆಯಾ? ಹೆಸರಿನ ಕೊನೆಗೆ ‘ಐ’ ಇಲ್ಲ ತಾನೇ?

ಕೆಲಸ ನೆಲದ ಮೇಲೆ ಮಾತ್ರ ಎಂದಾದರೆ ಅಲ್ಲಿಗೇ ನಿಲ್ಲಿಸಿ. ಒಂದು ಒಳ್ಳೆಯ ನೀರುಚೀಲ ತಗೊಂಡು ಉಳಿದ ದುಡ್ಡನ್ನು ತೋಟಕ್ಕೆ ಹಾಕಿ. ನೀರಿನ ಮೇಲೆ ಎಂದಾದರೆ ಲೈಫ್ ಜಾಕೆಟ್, ದಡದಲ್ಲಿ ಕಾಯುವ ಒಬ್ಬರು, ಆಮೇಲೆ ಜಿಪಿಎಸ್ – ಈ ಕ್ರಮದಲ್ಲೇ ಖರ್ಚು ಮಾಡಿ.